ಎಮಿಲ್ ಕಡೆಯ ಸಾಕ್ಷಿ

ಫೋನ್ ಬಂದದ್ದು ಗುರುವಾರ, ಚಿಲ್ಲಿಯ ದಿನ. ನಮ್ಮ ನೆಬ್ರಾಸ್ಕಾದ ಶಾಲೆಗಳಲ್ಲಿ ಮಧ್ಯಾಹ್ನ ಚಿಲ್ಲಿ, ಅಂದರೆ ಮಾಂಸ-ಕಾಳಿನ ಖಾರದ ಗಟ್ಟಿ ಸಾರು, ಬಡಿಸಿದರೆ ಪಕ್ಕದಲ್ಲಿ ದಾಲ್ಚಿನ್ನಿ ರೋಲ್ ಇರಲೇಬೇಕು, ಇಲ್ಲದಿದ್ದರೆ ಮಕ್ಕಳು ತಟ್ಟೆ ಮುಟ್ಟುವುದಿಲ್ಲ. ನಾನು ರೋಲ್‌ಗಳಿಗೆ ಸಕ್ಕರೆ ಪಾಕ ಸವರುತ್ತಿದ್ದೆ. ವರ್ನಾ ಹಂಡೆಯ ಮುಂದೆ ಉದ್ದ ಸೌಟು ಹಿಡಿದು ನಿಂತಿದ್ದಳು. ಆಫೀಸಿನ ಗುಮಾಸ್ತೆ ಬಾಗಿಲಲ್ಲಿ ತಲೆ ತೂರಿಸಿ ಹೇಳಿದಳು:

"ವರ್ನಾ, ನಿನಗೆ ಫೋನು. ಸೆನೆಟ್‌ನಿಂದ ಅಂತೆ."

"ನಮ್ಮ ರಾಜ್ಯದ್ದಾ, ಲಿಂಕನ್ನಿಂದಾನಾ?"

"ಅಲ್ಲ, ವಾಷಿಂಗ್ಟನ್ನಿಂದ. ದೊಡ್ಡ ಸೆನೆಟ್ಟು."

"ಊಟ ಆದ್ಮೇಲೆ ಮಾಡಕ್ಕೆ ಹೇಳು. ಈಗ ಬಿಟ್ರೆ ಹಂಡೆ ತಳ ಹಿಡಿಯುತ್ತೆ."

ಊಟ ಮುಗಿಯುವವರೆಗೆ ಅವಳು ಆ ಫೋನಿನ ಮಾತೇ ಎತ್ತಲಿಲ್ಲ. ವರ್ನಾ ಹಾಗೆಯೇ. ಅವಳು ನನ್ನ ಅಣ್ಣ ಎಮಿಲ್‌ನ ಹೆಂಡತಿ. ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಹದಿನೇಳು ವರ್ಷ ಕೆಲಸ ಮಾಡಿದ್ದೇವೆ. ಅವಳ ಮೌನ ಎಷ್ಟು ಬಗೆಯದು ಅಂತ ನನಗೆ ಚೆನ್ನಾಗಿ ಗೊತ್ತು.

ಎಮಿಲ್ ನಮ್ಮೂರಿನ ರೈಲು ಯಾರ್ಡಿನಲ್ಲಿ ಬೋಗಿಗಳಿಗೆ ಕೊಂಡಿ ಹಾಕುವ ಕೆಲಸದಲ್ಲಿದ್ದ. ಒಂದು ಫೆಬ್ರವರಿ ಬೆಳಿಗ್ಗೆ, ಹಿಮ ಬೀಳುವಾಗ, ನಿಂತಿದ್ದ ಗೂಡ್ಸ್ ಬೋಗಿಯೊಂದು ತಾನಾಗಿ ಜಾರಿ ಬಂತು. ಅದರ ಬ್ರೇಕ್ ಕೆಟ್ಟಿದೆ ಅಂತ ಕೆಲಸಗಾರರು ಮೂರು ಸಲ ಬರೆದುಕೊಟ್ಟಿದ್ದರು. ಎಮಿಲ್ ಎರಡು ಬೋಗಿಗಳ ನಡುವೆ ಇದ್ದ.

ಮಣ್ಣು ಮಾಡಿದ ದಿನವೇ ರೈಲು ಕಂಪನಿಯ ರಡ್ ಎಂಬ ಮನುಷ್ಯ ಬಂದ. ಕಣ್ಣಲ್ಲಿ ನೀರು ಹಾಕಿಕೊಂಡು ವರ್ನಾಳ ಮೇಜಿನ ಮುಂದೆ ಕೂತ. "ಕೋರ್ಟು ಗೀರ್ಟು ಯಾಕೆ ವರ್ನಾ, ನಾವೆಲ್ಲ ಒಂದೇ ಮನೆಯವರು. ಪರಿಹಾರದ ಕಾಗದ ದೊಡ್ಡೋರ ಸಹಿಗೆ ಹೋಗಿದೆ," ಅಂದ. ಮುಂದಿನ ವರ್ಷವೂ ಬಂದ, ಅದರ ಮುಂದಿನ ವರ್ಷವೂ ಬಂದ, ಅದೇ ಮಾತು ಹೇಳಿದ. ರೈಲು ಕೆಲಸಗಾರರ ಕಾನೂನಿನಲ್ಲಿ ದಾವೆ ಹೂಡಲು ಮೂರು ವರ್ಷ ಗಡುವು. ರಡ್ ಬರುವುದು ನಿಂತಾಗ ವರ್ನಾ ವಕೀಲರ ಹತ್ತಿರ ಓಡಿದಳು. ಅಷ್ಟರಲ್ಲಿ ಹತ್ತೊಂಬತ್ತು ದಿನ ಮೀರಿತ್ತು.

ಕೆಳಗಿನ ಕೋರ್ಟು ದಾವೆ ತಳ್ಳಿಹಾಕಿತು. ಮೇಲ್ಮನವಿಯಲ್ಲಿ ಮೂವರು ನ್ಯಾಯಮೂರ್ತಿಗಳು ಕೂತರು. ಇಬ್ಬರು ಕಂಪನಿಯ ಕಡೆ ಹೇಳಿದರು, ಒಬ್ಬರು ವರ್ನಾಳ ಕಡೆ. ಇಬ್ಬರ ಪರವಾಗಿ ತೀರ್ಪು ಬರೆದವರು ಹಾಲಿಸ್ ಲೋವೆಲ್. ಇದೆಲ್ಲ ಆಗಿ ಹನ್ನೊಂದು ವರ್ಷ ಕಳೆದಿತ್ತು. ಈಗ ಸುಪ್ರೀಂ ಕೋರ್ಟಿನಲ್ಲಿ ಒಂದು ಕುರ್ಚಿ ಖಾಲಿಯಾಗಿ, ಅಧ್ಯಕ್ಷರು ಅದೇ ಲೋವೆಲ್ ಹೆಸರನ್ನು ಸೂಚಿಸಿದ್ದರು. ಅದನ್ನು ಸೆನೆಟ್ ಓಟು ಹಾಕಿ ಒಪ್ಪಬೇಕಿತ್ತು.

ಆ ತಿಂಗಳು ಟಿವಿ ಹಾಕಿದರೆ ಬೇರೆ ಮಾತೇ ಇರಲಿಲ್ಲ. ಸೆನೆಟ್‌ನಲ್ಲಿ ಎರಡು ಪಕ್ಷಗಳ ಬಲ ಕೂದಲೆಳೆಯ ಅಂತರದಲ್ಲಿತ್ತು. ಲೋವೆಲ್ ಬಂದರೆ ದೇಶ ಉಳಿಯುತ್ತದೆ ಅಂತ ಅಧ್ಯಕ್ಷರ ಪಕ್ಷ, ಮುಳುಗುತ್ತದೆ ಅಂತ ವಿರೋಧ ಪಕ್ಷ. ಹಾಗಾಗಿ ನನ್ನ ಅತ್ತಿಗೆ ಫೋನ್ ಎತ್ತಿಕೊಂಡಾಗ ಆ ಕಡೆ ಯಾವ ಪಕ್ಷದವರಿರಬಹುದು ಅಂತ ನಾನು ಊಹಿಸಿಬಿಟ್ಟಿದ್ದೆ. ವಿರೋಧ ಪಕ್ಷದ ಸೆನೆಟರ್ ಪ್ರೆಂಟಿಸ್ ಹೇಲ್ ಅವರ ವಕೀಲೆ, ಮಿರಿಯಮ್ ಸ್ಟ್ರೌಡ್. ಸೆನೆಟ್‌ನ ನ್ಯಾಯ ಸಮಿತಿಯ ಮುಂದೆ ವರ್ನಾ ಬಂದು ಸಾಕ್ಷಿ ಹೇಳಬೇಕಂತೆ. ಲೋವೆಲ್ ಬಡವರ ಪಾಲಿಗೆ ಎಂಥ ಕಲ್ಲು ಅಂತ ದೇಶಕ್ಕೆ ತೋರಿಸಬೇಕಂತೆ.

"ಏನಂದೆ?" ಅಂತ ಕೇಳಿದೆ.

"ಯೋಚನೆ ಮಾಡ್ತೀನಿ ಅಂದೆ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಯಾರೋ ನನ್ನ ಕೈಗೆ ಮೈಕು ಕೊಡ್ತಿದಾರೆ ಡಾರ್ಲೀನ್."

ಊರಿಗೆ ಸುದ್ದಿ ಹಬ್ಬಲು ಒಂದು ದಿನ ಸಾಕಾಯಿತು. ನನ್ನ ಗಂಡ ವೆಂಡೆಲ್ ಅಧ್ಯಕ್ಷರ ಪಕ್ಷದ ಕಟ್ಟಾಳು. ನಮ್ಮ ಅಂಗಳದಲ್ಲಿ ಆ ಪಕ್ಷದ ಬೋರ್ಡು ಮಳೆಗೆ ಬಣ್ಣ ಬಿಟ್ಟರೂ ಕೀಳುವುದಿಲ್ಲ. ಅವನು ರಾತ್ರಿ ಊಟಕ್ಕೆ ಕೂತು, "ಅವಳನ್ನ ಕಣ್ಣೀರು ಹಾಕಿಸಿ ಟಿವೀಲಿ ತೋರಿಸ್ತಾರೆ, ಆಮೇಲೆ ಹೆಸರೂ ನೆನಪಿರಲ್ಲ ಅವರಿಗೆ," ಅಂದ. ಅವನ ಮಾತಿನಲ್ಲಿ ನಿಜವಿತ್ತು, ಆದರೆ ಅದನ್ನು ಹೇಳುವ ಹಕ್ಕು ಅವನಿಗಿತ್ತೇ ಅಂತ ನನಗೆ ಅನುಮಾನ.

ಶನಿವಾರ ಬೆಳಿಗ್ಗೆ ಲೈಲ್ ಪೊಕೊರ್ನಿ ವರ್ನಾಳ ಮನೆಗೆ ಬಂದ. ಅವನು ನಮ್ಮ ಜಿಲ್ಲೆಯಲ್ಲಿ ಅದೇ ಪಕ್ಷದ ಮುಖಂಡ. ಹೆಂಡತಿ ಕೈಯಿಂದ ಒಂದು ಡಬ್ಬಿ ಕೊಲಾಚೆ ಮಾಡಿಸಿಕೊಂಡು ಬಂದಿದ್ದ, ಗಸಗಸೆ ತುಂಬಿದ ಸಿಹಿ ಬನ್ನು, ಎಮಿಲ್‌ಗೆ ಇಷ್ಟವಾದದ್ದು. ನಾನು ಅಲ್ಲೇ ಇದ್ದೆ.

"ವರ್ನಾ, ಲೋವೆಲ್ ಒಳ್ಳೇ ಮನುಷ್ಯ. ಕಾನೂನು ಹೇಗಿದೆಯೋ ಹಾಗೆ ಓದೋರು. ನೀನು ಆ ಜನದ ಕೈಗೊಂಬೆ ಆಗಬೇಡ."

"ಕೂತ್ಕೋ ಲೈಲ್. ಕಾಫಿ ಇದೆ."

"ಎಮಿಲ್ ಇದ್ದಿದ್ರೆ ನಮ್ಮ ಪಕ್ಷಕ್ಕೇ ಓಟು ಹಾಕ್ತಿದ್ದ. ನೀನೂ ಬಲ್ಲೆ."

"ಎಮಿಲ್ ಇದ್ದಿದ್ರೆ ಈ ಕೇಸೇ ಇರ್ತಿರ್ಲಿಲ್ಲ, ಲೈಲ್."

ಲೈಲ್ ಕಾಫಿ ಕುಡಿಯದೆ ಎದ್ದ. ವರ್ನಾ ಡಬ್ಬಿಯನ್ನು ಅವನ ಕೈಗೇ ವಾಪಸು ಕೊಟ್ಟಳು.

ಮರುದಿನ ಚರ್ಚಿನ ಹೊರಗೆ ವಿರೋಧ ಪಕ್ಷದ ಹೆಂಗಸರು ನಾಲ್ಕೈದು ಮಂದಿ ಅವಳನ್ನು ಸುತ್ತುವರಿದರು. ಒಬ್ಬಾಕೆ ತಬ್ಬಿಕೊಂಡು, "ನಿನ್ನ ಧೈರ್ಯ ದೊಡ್ಡದು, ನಾವೆಲ್ಲ ನಿನ್ನ ಬೆನ್ನಿಗಿದೀವಿ," ಅಂದಳು. ವರ್ನಾ ಅವಳ ತೋಳು ಬಿಡಿಸಿಕೊಂಡು ಕೇಳಿದಳು: "ಕೇಸು ಸೋತ ವಾರ ನಾನು ಇದೇ ಮೆಟ್ಟಿಲ ಮೇಲೆ ಒಬ್ಬಳೇ ನಿಂತಿದ್ದೆ. ಆವತ್ತು ನನ್ನ ಬೆನ್ನು ಕಾಣಲಿಲ್ವಾ ನಿಮಗೆ?" ಆಕೆಗೆ ಸಿಟ್ಟು ಬಂತು. ನನಗೆ ನಗು ಬಂತು, ತಡೆದುಕೊಂಡೆ.

ಅದೇ ಮಧ್ಯಾಹ್ನ ವರ್ನಾ ಬೀರುವಿನಿಂದ ತೀರ್ಪಿನ ಲಕೋಟೆ ತೆಗೆದಳು. ಅವಳು ಅದನ್ನು ಪೂರ್ತಿ ಓದಿಯೇ ಇರಲಿಲ್ಲ. ವಕೀಲರು ಮೊದಲ ಪುಟ ತೋರಿಸಿ, ಸೋತೆವು ಅಂದಿದ್ದರು. ಅಷ್ಟೇ ಸಾಕಾಗಿ ಅವಳು ಲಕೋಟೆ ಮುಚ್ಚಿದ್ದಳು. ಈಗ ನಾವಿಬ್ಬರೂ ನಿಘಂಟು ಪಕ್ಕದಲ್ಲಿಟ್ಟುಕೊಂಡು ಹದಿನಾಲ್ಕು ಪುಟ ಸಾಲು ಸಾಲಾಗಿ ಓದಿದೆವು. ಕತ್ತಲಾಗುವ ಹೊತ್ತಿಗೆ ಕೊನೆಗೆ ಬಂದೆವು. ಅಲ್ಲಿ ಲೋವೆಲ್ ಬರೆದಿದ್ದರು: ಈ ಫಲ ಕಠೋರವಾದದ್ದು. ಕಂಪನಿಯ ನಡತೆಯನ್ನು ನ್ಯಾಯಾಲಯ ಮೆಚ್ಚುವುದಿಲ್ಲ. ಆದರೆ ಗಡುವು ಇಟ್ಟದ್ದು ಸಂಸತ್ತು, ಅದನ್ನು ಸಡಿಲಿಸಬೇಕಾದದ್ದೂ ಸಂಸತ್ತೇ. ಅದು ಈ ಕೆಲಸವನ್ನು ಬೇಗ ಮಾಡುತ್ತದೆಂದು ಆಶಿಸುತ್ತೇವೆ.

ಅದರ ಕೆಳಗೆ ಮೂರನೆಯ ನ್ಯಾಯಮೂರ್ತಿಯ ಭಿನ್ನ ತೀರ್ಪು ಎರಡೇ ಪುಟ: ಮಾತು ಕೊಟ್ಟು ಕಾಯಿಸಿದವನು ಆಮೇಲೆ ಗಡುವಿನ ಹಿಂದೆ ಅಡಗಿಕೊಳ್ಳುವಂತಿಲ್ಲ, ಹಳೆಯ ತೀರ್ಪುಗಳೇ ಹಾಗೆ ಹೇಳುತ್ತವೆ, ಆದ್ದರಿಂದ ಈ ಹೆಂಗಸಿನ ದಾವೆ ನಡೆಯಬೇಕು.

ವರ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಇವರಿಗೆ ಗೊತ್ತಿತ್ತು," ಅಂದಳು. "ಅನ್ಯಾಯ ಅಂತ ಗೊತ್ತಿದ್ದೂ ಸಹಿ ಹಾಕಿದಾರೆ. ಮತ್ತೆ ಸಂಸತ್ತಿಗೆ ಹೇಳಿದಾರೆ, ಸರಿ ಮಾಡಿ ಅಂತ. ಸಂಸತ್ತು ಏನು ಮಾಡ್ತು?"

"ನನಗೇನು ಗೊತ್ತು?"

"ಹೋಗಿ ಕೇಳೋಣ. ನೀನೂ ಬಾ."

ಒಮಾಹಾದಿಂದ ವಿಮಾನ ಹತ್ತಿ ಮಂಗಳವಾರ ವಾಷಿಂಗ್ಟನ್ ಸೇರಿದೆವು. ಮಿರಿಯಮ್ ಸ್ಟ್ರೌಡ್ ನಮ್ಮನ್ನು ಸೆನೆಟ್ ಕಟ್ಟಡದ ಒಂದು ಇಕ್ಕಟ್ಟಾದ ಕೋಣೆಗೆ ಕರೆದುಕೊಂಡು ಹೋದಳು. ನಲವತ್ತೈದರ ಹೆಂಗಸು, ಸವೆದ ಚಪ್ಪಟೆ ಬೂಟು, ನಿದ್ದೆಯಿಲ್ಲದ ಕಣ್ಣು. ಅವಳು ವರ್ನಾಳ ಮುಂದೆ ಎರಡು ಹಾಳೆ ಇಟ್ಟಳು. ವರ್ನಾ ಹೇಳಬೇಕಾದದ್ದನ್ನೆಲ್ಲ ಅವರೇ ಬರೆದು ಅಚ್ಚು ಹಾಕಿಸಿದ್ದರು. ಐದು ನಿಮಿಷಕ್ಕೆ ಸರಿಯಾಗಿ ಅಳೆದು ಬರೆದದ್ದು. ನಡುವೆ ಒಂದು ಕಡೆ ಆವರಣದಲ್ಲಿ 'ಸ್ವಲ್ಪ ತಡೆಯಿರಿ' ಅಂತಲೂ ಇತ್ತು.

ವರ್ನಾ ಓದಿದಳು. ನಿಧಾನಕ್ಕೆ, ಬೆರಳಿಟ್ಟು.

"'ಲೋವೆಲ್ ನನ್ನ ಮುಖದ ಮೇಲೆ ಬಾಗಿಲು ಬಡಿದರು.' ಇದು ನನ್ನ ಮಾತಲ್ಲ."

"ಭಾವ ನಿಮ್ಮದೇ ಅಲ್ವಾ ಮಿಸೆಸ್ ಕುಚೆರಾ?"

"ಕೊನೇ ಪುಟ ಎಲ್ಲಿ? ಕಾನೂನು ಬದಲಾಯಿಸಿ ಅಂತ ಅವರು ಸಂಸತ್ತಿಗೆ ಬರೆದಿದ್ದು?"

"ಐದು ನಿಮಿಷದಲ್ಲಿ ಎಲ್ಲಾ ಹೇಳಕ್ಕಾಗಲ್ಲ. ಅದು ಕೇಳೋರಿಗೆ ಗೊಂದಲ ಮಾಡುತ್ತೆ."

"ಯಾರಿಗೆ ಗೊಂದಲ?" ವರ್ನಾ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು. "ಒಂದು ಕೇಳ್ತೀನಿ, ಇದ್ದದ್ದು ಇದ್ದ ಹಾಗೆ ಹೇಳು ತಾಯಿ. ಅವರು ಹಾಗೆ ಬರೆದ ಮೇಲೆ ಆ ಕಾನೂನು ತಿದ್ದೋಕೆ ಯಾರಾದ್ರೂ ಮಸೂದೆ ತಂದ್ರಾ?"

ಮಿರಿಯಮ್ ಬಾಗಿಲ ಕಡೆ ನೋಡಿದಳು. ಸುಳ್ಳು ಹೇಳುವುದು ಅವಳಿಗೆ ಸುಲಭವಿತ್ತು. ನಮಗೆ ಹೇಗೆ ತಿಳಿಯಬೇಕು? ಆದರೂ ಅವಳು ಹೇಳಿದಳು.

"ತಂದ್ರು. ಎರಡು ಸಲ. ಒಂಬತ್ತು ವರ್ಷದ ಹಿಂದೆ ಒಂದ್ಸಲ, ಐದು ವರ್ಷದ ಹಿಂದೆ ಒಂದ್ಸಲ. ಎರಡೂ ಇದೇ ನ್ಯಾಯ ಸಮಿತಿಗೆ ಬಂತು. ಚರ್ಚೆಗೆ ಎತ್ತಿಕೊಳ್ಳಲೇ ಇಲ್ಲ, ಅಲ್ಲೇ ಸತ್ತಿತು."

"ಮೊದಲ್ನೇ ಸಲ ಸಮಿತಿ ಅಧ್ಯಕ್ಷರು ಯಾರಿದ್ರು?"

"ಸೆನೆಟರ್ ಹೇಲ್."

"ಎರಡನೇ ಸಲ?"

"ಸೆನೆಟರ್ ಡಡ್ಲಿ ಮೆರಿಕ್. ಅಧ್ಯಕ್ಷರ ಪಕ್ಷದವರು. ಈಗಲೂ ಅವರೇ."

"ಸರಿ," ಅಂದಳು ವರ್ನಾ. ಎರಡೂ ಹಾಳೆಗಳನ್ನು ನಾಲ್ಕಾಗಿ ಮಡಚಿ ಮಿರಿಯಮ್ ಕೈಗೆ ಕೊಟ್ಟಳು. "ಇದು ನಿಮ್ಮ ಹತ್ರಾನೇ ಇರಲಿ. ನಾಳೆ ನಾನು ಬಂದು ನನಗೆ ಗೊತ್ತಿರೋದನ್ನ ಹೇಳ್ತೀನಿ."

ಹತ್ತು ನಿಮಿಷದಲ್ಲಿ ಸೆನೆಟರ್ ಹೇಲ್ ತಾವೇ ಬಂದರು. ಬೆಳ್ಳಿಗೂದಲು, ಎತ್ತರದ ಆಳು. ದನಿ ಎಷ್ಟು ಮೆತ್ತಗಿತ್ತೆಂದರೆ ಅವರ ಮಾತಿಗೆ ತಲೆಯಾಡಿಸಬೇಕು ಅಂತ ತಾನಾಗಿ ಅನ್ನಿಸುತ್ತಿತ್ತು. ವರ್ನಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮಿಸೆಸ್ ಕುಚೆರಾ, ನಾಳೆ ನೀವು ಮಾತಾಡೋದು ನಿಮಗೋಸ್ಕರ ಅಲ್ಲ. ನಿಮ್ಮ ಗಂಡನಿಗೋಸ್ಕರ."

"ನನ್ನ ಗಂಡನ ಹೆಸರೇನು, ಸೆನೆಟರ್?"

ಹೇಲ್ ಅವರ ಕಣ್ಣು ಮೇಜಿನ ಮೇಲೆ ಕಾಗದ ಹುಡುಕಿತು. ಕಾಗದ ಮಡಚಿ ಮಿರಿಯಮ್ ಕೈಯಲ್ಲಿತ್ತು. "ಎಮಿಲ್," ಅಂತ ಮಿರಿಯಮ್ ಸಣ್ಣಗೆ ಹೇಳಿದಳು.

"ಎಮಿಲ್‌ಗೋಸ್ಕರ," ಅಂದರು ಹೇಲ್. ಆಮೇಲೆ ದನಿಯ ಮೃದುತನ ಕಡಿಮೆಯಾಯಿತು. "ನೋಡಿ, ನಮಗೆ ಎರಡು ಓಟು ಬೇಕು. ಬರೀ ಎರಡು. ಲೋವೆಲ್ ಆ ಕುರ್ಚಿ ಹತ್ತಿದರೆ ನಿಮ್ಮಂಥೋರು ಇನ್ನು ಮೂವತ್ತು ವರ್ಷ ಸೋಲ್ತಾರೆ. ನೀವು ಬರೆದಿದ್ದನ್ನ ಓದದೆ ಹೋದ್ರೆ ನಿಮ್ಮ ಹೆಸರು ಪಟ್ಟಿಯಿಂದ ತೆಗೀಬೇಕಾಗುತ್ತೆ."

"ತೆಗೀರಿ. ಕೆಳಗೆ ಮೆಟ್ಟಿಲ ಮೇಲೆ ಟಿವಿಯೋರು ಹದಿನೈದು ಜನ ನಿಂತಿದಾರೆ. ಬರೋವಾಗ ಎಣಿಸಿದೆ. ಅವರಿಗೆ ಹೇಳ್ತೀನಿ, ಯಾಕೆ ತೆಗೆದ್ರಿ ಅಂತ."

ನಾನು ಅವಳ ಪಕ್ಕದಲ್ಲಿ ಕೂತಿದ್ದೆ. ಅವಳದು ಹಂಡೆ ಕಾಯುವಾಗ ಇರುವ ಮುಖವೇ. ಹೇಲ್ ಹೊರಟುಹೋದರು. ಹೆಸರು ತೆಗೆಯಲಿಲ್ಲ, ತೆಗೆಯುವ ಹಾಗಿರಲಿಲ್ಲ. ಆ ಬೆಳಗಿನ ಪತ್ರಿಕೆಗಳಲ್ಲಿ 'ಯಾರ್ಡ್ ಕೆಲಸಗಾರನ ವಿಧವೆ' ಅಂತ ಅದು ಆಗಲೇ ಅಚ್ಚಾಗಿತ್ತು.

ಮರುದಿನ ವಿಚಾರಣೆಯ ಕೊನೆಯ ದಿನ. ಲೋವೆಲ್ ತಮ್ಮ ಸರದಿ ಮುಗಿಸಿ ಹೋಗಿದ್ದರು. ಆ ದಿನ ಹೊರಗಿನ ಸಾಕ್ಷಿಗಳದ್ದು. ಎತ್ತರದ ಅರ್ಧವೃತ್ತದ ಮೇಜಿನ ಹಿಂದೆ ಸೆನೆಟರುಗಳು, ನಡುವೆ ಸಮಿತಿ ಅಧ್ಯಕ್ಷ ಮೆರಿಕ್. ಅವರ ಎಡಕ್ಕೆ ಹೇಲ್. ಕೆಳಗೆ ಸಾಕ್ಷಿಗಳ ಮೇಜು, ಅದರ ಮೇಲೆ ಮೂರು ಬಣ್ಣದ ಪುಟ್ಟ ದೀಪ. ಹಸಿರು ಇದ್ದರೆ ಮಾತಾಡು, ಹಳದಿ ಬಂದರೆ ಮುಗಿಸು, ಕೆಂಪು ಬಂದರೆ ನಿಲ್ಲಿಸು. ನಾನು ವರ್ನಾಳ ಹಿಂದಿನ ಕುರ್ಚಿಯಲ್ಲಿ ಕೂತೆ. ಅವಳು ಬಲಗೈ ಎತ್ತಿ ಪ್ರಮಾಣ ಮಾಡಿದಳು. ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿದ್ದಳು.

ಮೊದಲು ಎಮಿಲ್ ಬಗ್ಗೆ ಹೇಳಿದಳು. ಬ್ರೇಕಿನ ಬಗ್ಗೆ, ರಡ್ ಕೂತ ಕುರ್ಚಿಯ ಬಗ್ಗೆ, ಹತ್ತೊಂಬತ್ತು ದಿನದ ಬಗ್ಗೆ. ಕಣ್ಣೀರು ಹಾಕಲಿಲ್ಲ. ಫೋಟೋದವರು ಅವಳ ಮುಂದೆ ನೆಲದ ಮೇಲೆ ಕೂತು ಕಾಯುತ್ತಿದ್ದರು. ಹೇಲ್ ಮೆಲ್ಲನೆ ತಲೆಯಾಡಿಸುತ್ತಿದ್ದರು. ಹಳದಿ ದೀಪ ಬಂತು. ಆಗ ವರ್ನಾ ಕೋಟಿನ ಒಳಗಿಂದ ತೀರ್ಪಿನ ಕೊನೆಯ ಪುಟ ತೆಗೆದಳು.

"ಇದು ಲೋವೆಲ್ ಬರೆದದ್ದು," ಅಂತ ಓದಿದಳು. ಸಂಸತ್ತು ಈ ಕೆಲಸವನ್ನು ಬೇಗ ಮಾಡುತ್ತದೆಂದು ಆಶಿಸುತ್ತೇವೆ ಎಂಬಲ್ಲಿಗೆ ಬಂದಾಗ ಕೆಂಪು ದೀಪ ಹತ್ತಿತು.

"ನಿಮ್ಮ ಸಮಯ ಮುಗಿಯಿತು, ಮಿಸೆಸ್ ಕುಚೆರಾ," ಅಂದರು ಮೆರಿಕ್.

"ಗೊತ್ತು. ಸಮಯ ಮುಗಿಯೋದು ನನಗೆ ಹೊಸದಲ್ಲ. ಇನ್ನೆರಡು ನಿಮಿಷ ಕೂತ್ಕೊಳ್ಳಿ."

ಹಿಂದೆ ಯಾರೋ ಕಿಸಕ್ಕೆಂದರು. ಮೆರಿಕ್ ತಡೆಯಲಿಲ್ಲ. ಕೊನೆಯ ಪುಟ ಓದಿದ್ದು ತಮ್ಮ ಕಡೆಗೆ ಲಾಭ ಅಂತ ಅವರಿಗೆ ಆಗಲೇ ಕಂಡಿತ್ತು.

ವರ್ನಾ ಹೇಳಿದಳು: "ಇದನ್ನ ಬರೆದು ಹನ್ನೊಂದು ವರ್ಷ ಆಯ್ತು. ಕಾನೂನು ತಿದ್ದೋ ಮಸೂದೆ ಎರಡು ಸಲ ಈ ಕೋಣೆಗೆ ಬಂದಿತ್ತು. ನಿನ್ನೆ ತಾನೇ ನನಗೆ ತಿಳೀತು. ಮೊದಲ್ನೇ ಸಲ ಆ ನಡುಗುರ್ಚೀಲಿ ಸೆನೆಟರ್ ಹೇಲ್ ಕೂತಿದ್ರು. ಎರಡನೇ ಸಲ ನೀವು ಕೂತಿದ್ರಿ, ಸೆನೆಟರ್ ಮೆರಿಕ್. ಇಬ್ರೂ ಅದನ್ನ ಎತ್ತಿಕೊಳ್ಳಲಿಲ್ಲ. ಮೂರು ವಾರದಿಂದ ಟಿವೀಲಿ ಇಬ್ರೂ ಕಿತ್ತಾಡ್ತಿದೀರಿ, ನ್ಯಾಯ ಯಾರ ಕಡೆ ಇದೆ ಅಂತ. ಆ ಒಂದು ಕೆಲಸದಲ್ಲಿ ಮಾತ್ರ ನೀವಿಬ್ರೂ ಜಗಳ ಆಡದೆ ಒಂದಾಗಿದ್ರಿ."

ಕ್ಯಾಮೆರಾಗಳು ಕಟಕಟ ಅಂದವು. ಹೇಲ್ ತಲೆಯಾಡಿಸುವುದನ್ನು ನಿಲ್ಲಿಸಿದ್ದರು.

ಮೆರಿಕ್ ಗಂಟಲು ಸರಿ ಮಾಡಿಕೊಂಡರು. ಪಳಗಿದ ಮನುಷ್ಯ. ತನಗೆ ಬಿದ್ದ ಪೆಟ್ಟನ್ನು ದಾಟಿ ಸಿಕ್ಕ ಲಾಭಕ್ಕೆ ಕೈ ಹಾಕಿದರು.

"ಹಳೆಯ ಮಸೂದೆಗಳನ್ನು ಖಂಡಿತ ಪರಿಶೀಲಿಸೋಣ. ಆದರೆ ಮಿಸೆಸ್ ಕುಚೆರಾ, ನೀವು ಬಹಳ ಮುಖ್ಯವಾದ ಮಾತು ಹೇಳಿದಿರಿ. ಲೋವೆಲ್ ಕಾನೂನು ಪಾಲಿಸಿದರು, ಬದಲಾಯಿಸುವ ಕೆಲಸ ನಮ್ಮದು ಅಂದರು. ಅಂದರೆ ಅವರು ಸರಿಯಾಗೇ ನಡೆದುಕೊಂಡರು ಅಂತ ನೀವೂ ಒಪ್ಪುತ್ತೀರಿ."

"ಇಲ್ಲ."

"ಈಗ ತಾನೇ ನೀವೇ ಓದಿದಿರಿ."

"ಒಂದು ಪುಟ ಓದಿದೆ. ಅದರ ಕೆಳಗೆ ಇನ್ನೂ ಎರಡು ಪುಟ ಇದೆ, ಇನ್ನೊಬ್ಬ ನ್ಯಾಯಮೂರ್ತಿ ಬರೆದದ್ದು. ಅದೇ ಕಾನೂನು, ಅದೇ ಕಾಗದ. ಮೋಸ ಮಾಡಿ ಕಾಯಿಸಿದೋನು ಗಡುವಿನ ಹಿಂದೆ ಅಡಗಿಕೊಳ್ಳೋ ಹಾಗಿಲ್ಲ, ಈ ಹೆಂಗಸಿನ ಕೇಸು ನಡೀಲಿ ಅಂದ್ರು ಅವರು. ಅಂದ್ರೆ ದಾರಿ ಇತ್ತು. ಲೋವೆಲ್‌ಗೆ ಅದು ಕಂಡಿತ್ತು, ತುಳೀಲಿಲ್ಲ. ಕಠೋರ ಅಂತ ತಾವೇ ಬರೆದು ಅದಕ್ಕೇ ಸಹಿ ಹಾಕಿದ್ರು. ಅವರು ಟಿವಿ ನೋಡ್ತಿದ್ರೆ ಕೇಳಿಸ್ಕೊಳ್ಳಲಿ, ನಾನು ಅದನ್ನ ಕ್ಷಮಿಸಿಲ್ಲ."

"ಹಾಗಾದರೆ ಅವರಿಗೆ ಓಟು ಹಾಕಬೇಡಿ ಅನ್ನುತ್ತೀರಾ?" ಅಂತ ಹೇಲ್ ಮುಂದೆ ಬಾಗಿ ಕೇಳಿದರು. ಅವರ ದನಿಯಲ್ಲಿ ಆಸೆ ಮತ್ತೆ ಚಿಗುರಿತ್ತು.

"ಓಟು ನಿಮ್ಮದು. ಹಾಕಿ, ಬಿಡಿ. ನನ್ನನ್ನ ಈ ಕಡೆಯಿಂದ ಎತ್ತಿ ಆ ಕಡೆ ಇಡಬೇಡಿ, ಆ ಕಡೆಯಿಂದ ಎತ್ತಿ ಈ ಕಡೆ ಇಡಬೇಡಿ."

ಮೆರಿಕ್ ತಾಳ್ಮೆ ಕಳೆದುಕೊಂಡರು. "ಅಮ್ಮಾ, ಈ ಸಮಿತಿಗೆ ಇಷ್ಟಾದರೂ ತಿಳಿಯಬೇಕು. ಒಟ್ಟಿನಲ್ಲಿ ನೀವು ಯಾರ ಕಡೆಯ ಸಾಕ್ಷಿ?"

"ಎಮಿಲ್ ಕಡೆ," ಅಂದಳು ವರ್ನಾ. ಎದ್ದು, ಕಾಗದ ಕೋಟಿನೊಳಗೆ ಇಟ್ಟುಕೊಂಡು, ಯಾರೂ ಹೋಗಿ ಅನ್ನುವ ಮೊದಲೇ ನಡೆದುಬಿಟ್ಟಳು. ನಾನು ಕೈಚೀಲ ಎತ್ತಿಕೊಂಡು ಹಿಂದೆ ಓಡಿದೆ. ಹೊರಗಿನ ಓಣಿಯಲ್ಲಿ ಅವಳು ಗೋಡೆಗೆ ಒರಗಿ ನಿಂತು, "ಎಲ್ಲಾದ್ರೂ ನೀರು ಸಿಗುತ್ತಾ ನೋಡು ಡಾರ್ಲೀನ್, ನಾಲಿಗೆ ಒಣಗಿ ಹೋಗಿದೆ," ಅಂದಳು.

ಸಂಜೆ ಹೋಟೆಲಿನಲ್ಲಿ ಟಿವಿ ಹಾಕಿದೆವು. ಒಂದು ಚಾನೆಲ್ಲಿನಲ್ಲಿ ವರ್ನಾ ಕೊನೆಯ ಪುಟ ಓದುತ್ತಿದ್ದಳು, ಅಷ್ಟೇ. ಇನ್ನೊಂದರಲ್ಲಿ ವರ್ನಾ 'ಕ್ಷಮಿಸಿಲ್ಲ' ಅನ್ನುತ್ತಿದ್ದಳು, ಅಷ್ಟೇ. ಒಂದೇ ನೀಲಿ ಕೋಟಿನ ಎರಡು ಹೆಂಗಸರು. ಅವಳು ಟಿವಿ ಆರಿಸಿ ಮಲಗಿದಳು.

ಮುಂದಿನ ವಾರ ಸೆನೆಟ್ ಓಟು ಹಾಕಿತು. ಐವತ್ತೊಂದು, ನಲವತ್ತೊಂಬತ್ತು. ಹಾಲಿಸ್ ಲೋವೆಲ್ ಸುಪ್ರೀಂ ಕೋರ್ಟಿಗೆ ಹೋದರು. ವರ್ನಾಳಿಂದಾಗಿ ಒಂದೇ ಒಂದು ಓಟೂ ಆಚೀಚೆ ಆಗಲಿಲ್ಲ. ಲೋವೆಲ್ ಅವರಿಂದ ಅವಳಿಗೆ ಒಂದು ಸಾಲೂ ಬರಲಿಲ್ಲ, ಅವಳು ಕಾಯಲೂ ಇಲ್ಲ.

ಊರಿನಲ್ಲಿ ಈಗ ಅವಳ ಜೊತೆ ಮಾತು ಬಿಟ್ಟವರ ಸಂಖ್ಯೆ ಇಮ್ಮಡಿಯಾಯಿತು. ಮೊದಲು ಒಂದು ಪಕ್ಷದವರು ಮಾತ್ರ ಬಿಟ್ಟಿದ್ದರು, ಈಗ ಎರಡೂ. ಈಸ್ಟರ್‌ಗೆ ಮುಂಚಿನ ಲೆಂಟ್ ವ್ರತದ ಶುಕ್ರವಾರ, ಚರ್ಚಿನ ಮೀನೂಟದಲ್ಲಿ ನಾವಿಬ್ಬರು ಕೂತ ಉದ್ದ ಬೆಂಚು ಕೊನೆಯವರೆಗೂ ಖಾಲಿಯಿತ್ತು. ವೆಂಡೆಲ್ ತಟ್ಟೆ ಹಿಡಿದು ಸ್ವಲ್ಪ ಹೊತ್ತು ಅತ್ತಿತ್ತ ನೋಡಿದ, ಆಮೇಲೆ ಬಂದು ನಮ್ಮ ಎದುರಿಗೇ ಕೂತ.

"ಎರಡೂ ಕಡೆ ಬೆಂಕಿ ಹಚ್ಚಿ ಬಂದೆಯಲ್ಲ ವರ್ನಾ," ಅಂದ.

"ಚಳಿ ಇತ್ತು, ವೆಂಡೆಲ್," ಅಂದಳು ಅವಳು. ವೆಂಡೆಲ್ ನಕ್ಕ. ಅವನು ಅವಳ ಮಾತಿಗೆ ನಕ್ಕದ್ದನ್ನು ಲೈಲ್ ಪೊಕೊರ್ನಿ ಆ ಕಡೆಯ ಬೆಂಚಿನಿಂದ ನೋಡಿದ.

ಏಪ್ರಿಲ್‌ನಲ್ಲಿ ಶಾಲಾ ಮಂಡಳಿಯ ಒಬ್ಬ ಸದಸ್ಯ ಅಡುಗೆಮನೆಗೇ ಬಂದ. ಲೈಲ್‌ನ ಗೆಳೆಯ. "ಕೆಲವು ತಂದೆತಾಯಿಗಳು ಬೇಜಾರು ಮಾಡ್ಕೊಂಡಿದಾರೆ. ರಾಜಕೀಯ ಶಾಲೆಯೊಳಗೆ ಬೇಡ ಅಂತ. ನೀನು ಈ ವರ್ಷ ಮುಗಿಯೋವರೆಗೆ ರಜೆ ತಗೊಂಡ್ರೆ ಹೇಗೆ?"

"ಊಟ ಬಿಟ್ಟಿರೋ ಮಕ್ಕಳ ಪಟ್ಟಿ ಕೊಡಿ."

"ಪಟ್ಟಿ ಅಂತ ಏನಿಲ್ಲ."

"ಒಂದು ಮಗೂನಾದ್ರೂ? ನನ್ನ ಕೈ ಊಟ ಬೇಡ ಅಂದಿರೋದು?"

ನಾನು ಅವನಿಗೆ ಒಂದು ದಾಲ್ಚಿನ್ನಿ ರೋಲ್ ಕಾಗದದಲ್ಲಿ ಸುತ್ತಿ ಕೊಟ್ಟೆ. ತೆಗೆದುಕೊಂಡು ಹೋದ. ರಜೆಯ ಮಾತು ಮತ್ತೆ ಬರಲಿಲ್ಲ.

ಆದರೆ ಅಂಚೆ ಬರತೊಡಗಿತು. ಮೊದಲ ಕಾಗದ ಪೆನ್ಸಿಲ್ವೇನಿಯಾದಿಂದ, ಒಬ್ಬ ರೈಲು ಗಾರ್ಡಿನ ವಿಧವೆಯದು. ಅವಳ ಮನೆಗೂ ಒಬ್ಬ ರಡ್ ಬಂದಿದ್ದ, ಹೆಸರು ಬೇರೆ ಅಷ್ಟೇ. ಅವಳದ್ದು ನಾಲ್ಕು ತಿಂಗಳು ಮೀರಿತ್ತು. ಆಮೇಲೆ ಟೆಕ್ಸಸ್, ವೆಸ್ಟ್ ವರ್ಜೀನಿಯಾ, ಇಡಾಹೊ. ಮೇ ತಿಂಗಳ ಹೊತ್ತಿಗೆ ಅರವತ್ತಕ್ಕೂ ಹೆಚ್ಚು. ವರ್ನಾ ಪ್ರತಿಯೊಂದಕ್ಕೂ ಕೈಯಿಂದಲೇ ಉತ್ತರ ಬರೆದಳು, ಕೊನೆಗೆ ಒಂದೇ ಪ್ರಶ್ನೆ ಹಾಕಿದಳು: ವಾಷಿಂಗ್ಟನ್‌ಗೆ ಬರ್ತೀಯಾ?

ಅದೇ ತಿಂಗಳು ಮಿರಿಯಮ್ ಸ್ಟ್ರೌಡ್ ಫೋನ್ ಮಾಡಿದಳು. ಅವಳು ಹೇಲ್ ಅವರ ಕೆಲಸ ಬಿಟ್ಟಿದ್ದಳು. ಬಿಟ್ಟಳೋ ಬಿಡಿಸಿದರೋ, ನಾವು ಕೇಳಲಿಲ್ಲ. "ಹಳೇ ಮಸೂದೆ ನನ್ನ ಹತ್ರ ಇದೆ," ಅಂದಳು. "ಒಂದು ಸಾಲು ಮಾತ್ರ ಸೇರಿಸಬೇಕು. ಕಂಪನಿ ಸುಳ್ಳು ಭರವಸೆ ಕೊಟ್ಟು ಕಾಯಿಸಿದ್ರೆ ಆ ದಿನಗಳು ಗಡುವಿನ ಲೆಕ್ಕಕ್ಕೆ ಬರಲ್ಲ ಅಂತ. ಮಿಸೆಸ್ ಕುಚೆರಾ, ಒಂದು ವಿಷಯ ಈಗಲೇ ಹೇಳಿಬಿಡ್ತೀನಿ. ಇದು ಮುಂದಿನ ಕೇಸುಗಳಿಗೆ ಮಾತ್ರ. ನಿಮ್ಮದು ಮುಗಿದು ಹೋಗಿದೆ, ನಿಮಗೆ ಇದರಿಂದ ಏನೂ ಬರಲ್ಲ."

"ಅದು ಹನ್ನೊಂದು ವರ್ಷದ ಹಿಂದೇನೇ ಗೊತ್ತಾಯ್ತು ತಾಯಿ. ಸಾಲು ಸೇರಿಸು."

ಆ ಬೇಸಿಗೆ ಮೂವತ್ತೊಂದು ಹೆಂಗಸರು, ಇಬ್ಬರು ಗಂಡಸರು, ಸಮಿತಿಯ ಕೋಣೆಯ ಹೊರಗಿನ ಓಣಿಯಲ್ಲಿ ಗೋಡೆಗೆ ಸಾಲಾಗಿ ನಿಂತೆವು. ಕೂಗಲಿಲ್ಲ, ಬೋರ್ಡು ಹಿಡಿಯಲಿಲ್ಲ. ಒಳಗೆ ಹೋಗುವ ಪ್ರತಿ ಸೆನೆಟರನಿಗೂ ಒಬ್ಬೊಬ್ಬರು ತಾವು ಕಳೆದುಕೊಂಡವರ ಹೆಸರು, ಗಡುವು ಮೀರಿದ ದಿನ ಹೇಳಿದರು. "ಹ್ಯಾರೊಲ್ಡ್, ನಾಲ್ಕು ತಿಂಗಳು." "ಒರಿನ್, ಆರು ದಿನ." ಮೆರಿಕ್ ಬಂದಾಗ ವರ್ನಾ, "ನಾನು ನೆನಪಿದೀನಾ ಸೆನೆಟರ್?" ಅಂದಳು. "ನಿಮ್ಮನ್ನ ಮರೆಯೋದು ಕಷ್ಟ, ಅಮ್ಮಾ," ಅಂದರು ಅವರು. ಅವರ ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ. ಮೂರು ದಿನ ಹಾಗೆ ನಿಂತೆವು. ಮೂರನೆಯ ದಿನ ಮಸೂದೆ ಚರ್ಚೆಯ ಪಟ್ಟಿಗೆ ಬಂತು. ಅದರ ಮೇಲೆ ಮೊದಲ ಎರಡು ಸಹಿ ಹೇಲ್ ಅವರದು ಮತ್ತು ಮೆರಿಕ್ ಅವರದು. ಒಬ್ಬರು ಹಾಕಿದರೆ ಇನ್ನೊಬ್ಬರು ಹಾಕದೆ ಇರುವಂತಿರಲಿಲ್ಲ. ಅವರಿಬ್ಬರ ಹೆಸರನ್ನು ವರ್ನಾ ಒಂದೇ ಉಸಿರಿನಲ್ಲಿ ಹೇಳಿದ ಆ ಟಿವಿ ಚಿತ್ರ ಇಬ್ಬರ ಚುನಾವಣಾ ಎದುರಾಳಿಗಳ ಹತ್ತಿರವೂ ಇತ್ತು.

ಸೆನೆಟ್ ಅದನ್ನು ಹೋದ ಚಳಿಗಾಲದಲ್ಲಿ ಪಾಸು ಮಾಡಿತು. ಈಗ ಅದು ಕೆಳಮನೆಯಲ್ಲಿ ಸಿಕ್ಕಿಕೊಂಡಿದೆ. ಅಲ್ಲಿನ ಸಮಿತಿಯ ಮುಖ್ಯಸ್ಥ ಅದನ್ನು ಎತ್ತಿಕೊಳ್ಳುತ್ತಿಲ್ಲ. ರೈಲು ಕಂಪನಿಗಳ ಜನ ಅವನ ಬಾಗಿಲಲ್ಲಿ ದಿನಾ ಕಾಣುತ್ತಾರೆ ಅಂತ ಮಿರಿಯಮ್ ಹೇಳುತ್ತಾಳೆ. ಜೂನ್ ಮೊದಲ ವಾರ ನಾವು ಅವನ ಕಚೇರಿಗೆ ಹೋದೆವು. ಮುಂದಿನ ಮೇಜಿನ ಹೆಂಗಸು ನಮ್ಮನ್ನು ಒಂದು ಗಂಟೆ ಕೂರಿಸಿ, "ಇವತ್ತು ಆಗಲ್ಲ ಮೇಡಂ, ಅವರು ತುಂಬಾ ಕೆಲಸದಲ್ಲಿದಾರೆ," ಅಂದಳು.

"ನಾಳೆ?"

"ನಾಳೆ ಕೂಡ ಕಷ್ಟ. ಈ ತಿಂಗಳೇ ಕಷ್ಟ ಅನ್ಸುತ್ತೆ."

"ಪರವಾಗಿಲ್ಲ," ಅಂದಳು ವರ್ನಾ. ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಚೀಲದಿಂದ ಸ್ಯಾಂಡ್‌ವಿಚ್ ತೆಗೆದು ನನಗೊಂದು ಕೊಟ್ಟಳು, ಆ ಹೆಂಗಸಿಗೂ ಒಂದು ಚಾಚಿದಳು. "ನಾವು ಶಾಲೆಯ ಅಡುಗೆಯೋರು. ಆಗಸ್ಟ್ ಹದಿನಾಲ್ಕಕ್ಕೆ ಶಾಲೆ ಬಾಗಿಲು ತೆಗೀತಾರೆ. ಅಲ್ಲೀವರೆಗೂ ನಮಗೆ ಬಿಡುವೇ."